ತಪ್ಪು ಒಂದೇ, ಬೈಗುಳ ಯಾಕೆ ಬೇರೆ?

ಪ್ರಶ್ನೆ: ಇಬ್ಬರು ಗಾಡಿ ಓಡಿಸುತ್ತಾ ಮೊಬೈಲ್ ನೋಡುತ್ತಾರೆ. ಒಬ್ಬ ಸುಖವಾಗಿ ಮನೆ ಸೇರುತ್ತಾನೆ. ಇನ್ನೊಬ್ಬನ ಗಾಡಿಗೆ ಅದೇ ಹೊತ್ತಿಗೆ ಮಗುವೊಂದು ಅಡ್ಡ ಬರುತ್ತದೆ. ಇಬ್ಬರೂ ಮಾಡಿದ್ದು ಒಂದೇ ಅಲ್ವಾ? ಎರಡನೆಯವನನ್ನು ಮಾತ್ರ ಪಾಪಿ ಅನ್ನುವುದು ಯಾಕೆ?

ಉತ್ತರ: ಮೊದಲು ನನ್ನದೇ ಒಂದು ಕಥೆ. ಒಮ್ಮೆ ಒಲೆ ಆರಿಸದೆ ಮನೆಗೆ ಬೀಗ ಹಾಕಿಕೊಂಡು ಹೋಗಿದ್ದೆ. ಎರಡು ಗಂಟೆ ಬಿಟ್ಟು ಬಂದಾಗ ಮನೆಯೆಲ್ಲ ಹೊಗೆ, ಪಾತ್ರೆಯ ತಳ ಇದ್ದಿಲಿನಂತಾಗಿತ್ತು. ಅಷ್ಟೇ. ಆಮೇಲೆ ಎಷ್ಟೋ ಜನಕ್ಕೆ ಇದನ್ನು ತಮಾಷೆಯಾಗಿ ಹೇಳಿದ್ದೇನೆ, ಕೇಳಿದವರೂ ನಕ್ಕಿದ್ದಾರೆ. ಕಿಟಕಿಯ ಪರದೆಗೆ ಬೆಂಕಿ ಹತ್ತಿ ಪಕ್ಕದ ಮನೆಯವರೆಗೂ ಹೋಗಿದ್ದರೆ? ಆಗಲೂ ನಾನು ಮರೆತದ್ದು ಅಷ್ಟೇ, ಒಂದು ಚೂರೂ ಜಾಸ್ತಿ ಅಲ್ಲ. ಆದರೆ ಯಾರೂ ನಗುತ್ತಿರಲಿಲ್ಲ.

ತತ್ವಶಾಸ್ತ್ರದವರು ಇದನ್ನು ‘ನೈತಿಕ ಅದೃಷ್ಟ’ ಅನ್ನುತ್ತಾರೆ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಇದರ ಬಗ್ಗೆ ಬರೆದ ಮೇಲೆ ಈ ಹೆಸರು ನಿಂತಿತು. ತನ್ನ ಕೈಯಲ್ಲಿಲ್ಲದ್ದಕ್ಕೆ ಯಾರನ್ನೂ ದೂರಬಾರದು ಅಂತ ಎಲ್ಲರೂ ಒಪ್ಪುತ್ತೇವೆ. ಆ ಗಳಿಗೆಯಲ್ಲೇ ಮಗು ರಸ್ತೆಗೆ ಇಳಿದದ್ದು ಅವನ ಕೈಯಲ್ಲಿರಲಿಲ್ಲ. ಆದರೂ ದೂರುತ್ತೇವೆ.

ಚಿಕ್ಕ ಮಕ್ಕಳಂತೂ ನಷ್ಟವನ್ನೇ ಎಣಿಸುತ್ತಾರೆ. ಮನಃಶಾಸ್ತ್ರಜ್ಞ ಜೀನ್ ಪಿಯಾಜೆ 1932ರ ತಮ್ಮ ಪುಸ್ತಕದಲ್ಲಿ ಮಕ್ಕಳಿಗೆ ಹೇಳಿದ ಎರಡು ಕಥೆ ಕೊಟ್ಟಿದ್ದಾರೆ. ಒಬ್ಬ ಹುಡುಗ ಬಾಗಿಲು ತೆರೆದಾಗ, ಹಿಂದೆ ಇಟ್ಟಿದ್ದು ಗೊತ್ತಿಲ್ಲದೆ 15 ಕಪ್ ಬಿದ್ದು ಒಡೆಯುತ್ತವೆ. ಇನ್ನೊಬ್ಬ ಕದ್ದು ಜಾಮ್ ತೆಗೆಯಲು ಹೋಗಿ ಒಂದು ಕಪ್ ಒಡೆಯುತ್ತಾನೆ. ಪುಟ್ಟ ಮಕ್ಕಳಲ್ಲಿ ಹಲವರಿಗೆ 15 ಒಡೆದವನೇ ದೊಡ್ಡ ತುಂಟ. ಸ್ವಲ್ಪ ದೊಡ್ಡವರು, ಅವನು ಅಲ್ಲಿಗೆ ಯಾಕೆ ಹೋದ ಅನ್ನುವುದನ್ನು ನೋಡುತ್ತಾರೆ.

ಬೆಳೆದ ಮೇಲೆ ಕಪ್ ಎಣಿಸುವುದನ್ನು ಬಿಟ್ಟಿದ್ದೇವೆ ಅಂದುಕೊಳ್ಳುತ್ತೇವೆ. ಸುಮ್ನೆ. 1988ರಲ್ಲಿ ಜೊನಾಥನ್ ಬ್ಯಾರನ್ ಮತ್ತು ಜಾನ್ ಹರ್ಶಿ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ 55 ವರ್ಷದ ಹೃದ್ರೋಗಿಯ ಕಥೆ ಇತ್ತು. ಆಪರೇಷನ್ ಮಾಡಿಸಿಕೊಂಡ 100 ಜನರಲ್ಲಿ 8 ಮಂದಿ ಸಾಯುತ್ತಾರೆ. ವೈದ್ಯರು ಮಾಡೋಣ ಅನ್ನುತ್ತಾರೆ. ರೋಗಿ ಬದುಕಿದ ಅಂತ ಹೇಳಿದಾಗ ಆ ತೀರ್ಮಾನಕ್ಕೆ ಜನ ಜಾಸ್ತಿ ಅಂಕ ಕೊಟ್ಟರು, ಸತ್ತ ಅಂದಾಗ ಕಡಿಮೆ. ತೀರ್ಮಾನ ಮಾಡುವಾಗ ವೈದ್ಯರಿಗೆ ಗೊತ್ತಿದ್ದದ್ದು ಎರಡು ಸಲವೂ ಅಷ್ಟೇ.

ಹಾಗಾದರೆ ಇದು ಬರೀ ನಮ್ಮ ತಲೆಯ ಎಡವಟ್ಟಾ? ಪೂರ್ತಿ ಅಲ್ಲ. ವಿಲಿಯಮ್ಸ್ ಒಬ್ಬ ಲಾರಿ ಚಾಲಕನನ್ನು ಮುಂದಿಡುತ್ತಾರೆ. ಅವನದು ಏನೂ ತಪ್ಪಿಲ್ಲ, ಆದರೂ ಮಗು ಚಕ್ರಕ್ಕೆ ಸಿಕ್ಕಿದೆ. ‘ನಿನ್ನ ತಪ್ಪಲ್ಲಪ್ಪ’ ಅಂತ ನಾವೇ ಸಮಾಧಾನ ಹೇಳುತ್ತೇವೆ, ಹೇಳಲೂಬೇಕು. ಅವನೇ ‘ಹೌದು, ನನ್ನ ತಪ್ಪಲ್ಲ’ ಅಂತ ಕೈಕೊಡವಿ ಲಾರಿ ಹತ್ತಿದರೆ? ಎಂಥ ಮನುಷ್ಯ ಇವನು ಅನ್ನಿಸುತ್ತದೆ. ‘ನಾನು ತಪ್ಪು ಮಾಡಿದೆ’ ಅನ್ನುವುದು ಒಂದು, ‘ನನ್ನ ಕೈಯಿಂದ ಆಗಿಹೋಯ್ತಲ್ಲ’ ಅನ್ನುವುದು ಇನ್ನೊಂದು. ಬೈಯುವಾಗ ನಾವು ಎರಡನ್ನೂ ಒಂದೇ ಗಂಟಿಗೆ ಕಟ್ಟುತ್ತೇವೆ.

ನಿಮ್ಮ ಪ್ರಶ್ನೆಯ ಇಬ್ಬರ ತಪ್ಪೂ ಸಮ ಅಂತಲೇ ನನ್ನ ಲೆಕ್ಕ. ಎರಡನೆಯವನ ಮೇಲೆ ಆ ಮಗುವಿನ ಋಣವೂ ಇದೆ. ನಾವು ಎಡವುವುದು ಅವನನ್ನು ಜಾಸ್ತಿ ಬೈಯುವುದರಲ್ಲಿ ಅಲ್ಲ, ಮೊದಲನೆಯವನನ್ನು ಏನೂ ಕೇಳದೆ ಬಿಡುವುದರಲ್ಲಿ. ಕುಡಿದು ಗಾಡಿ ಓಡಿಸುವವರ ವಿಷಯದಲ್ಲಿ ಎಷ್ಟೋ ದೇಶಗಳ ಕಾನೂನು ಹಾಗೆ ಬಿಡುವುದಿಲ್ಲ. ಯಾರಿಗೂ ಗುದ್ದದಿದ್ದರೂ ಹಿಡಿದು ದಂಡ ಹಾಕುತ್ತಾರೆ.

ನನ್ನ ಒಲೆಯ ಕಥೆ ಕೇಳಿ ನಗದವರು ಒಬ್ಬರೇ. ‘ಎರಡು ಗಂಟೆ ನೆನಪೇ ಆಗಲಿಲ್ವಾ?’ ಅಂತ ಕೇಳಿದರು. ಅವರು ಪಕ್ಕದ ಮನೆಯವರು.