ಕಿಡ್ನಿ ರಕ್ತನಾಳಕ್ಕೆ ಕಾಯಿಲ್ ಹಾಕ್ಸಿದ್ಮೇಲೆ ಜ್ವರ, ಪಕ್ಕೆ ನೋವು ಬಂದ್ರೆ?

ಪ್ರಶ್ನೆ: ನಮ್ಮತ್ತೆಗೆ ಕಿಡ್ನಿ ರಕ್ತನಾಳ ಊದ್ಕೊಂಡಿತ್ತು, ಮೈಸೂರಲ್ಲಿ ತೊಡೆಸಂದಿಯಿಂದ ಟ್ಯೂಬ್ ಬಿಟ್ಟು ಕಾಯಿಲ್ (ಊತಕ್ಕೆ ರಕ್ತ ನುಗ್ಗದ ಹಾಗೆ ತಡೆಯೋ ಸಣ್ಣ ಲೋಹದ ಸುರುಳಿ) ತುಂಬಿದ್ರು. ಮಂಡ್ಯಕ್ಕೆ ಕರ್ಕೊಂಡ್ ಬಂದ ಮಾರನೇ ದಿನದಿಂದ ಸಣ್ಣ ಜ್ವರ, ಪಕ್ಕೆ ನೋವು. ಏನಾದ್ರೂ ಎಡವಟ್ಟಾಗಿದ್ಯಾ?

ಹೆಚ್ಚಾಗಿ ಆಗಿರಲ್ಲ, ಆದ್ರೂ ಮಾಡಿದ ಡಾಕ್ಟ್ರಿಗೆ ಇವತ್ತೇ ಒಂದು ಫೋನ್ ಹಾಕಿ. ಕಿಡ್ನಿ ಒಳಗಿನ ರಕ್ತನಾಳದ ಕವಲುಗಳು ಮಂಡ್ಯದ ವಿಶ್ವೇಶ್ವರಯ್ಯ ನಾಲೆ ಕೊನೆಯ ಗದ್ದೆ ಇದ್ದ ಹಾಗೆ, ಮೇಲ್ಗಡೆ ತೂಬು ಮುಚ್ಚಿದ್ರೆ ಬೇರೆ ಕಡೆಯಿಂದ ನೀರು ಬರಲ್ಲ. ಊತ ಕವಲಲ್ಲಿದ್ರೆ ಕಾಯಿಲ್ ಹಾಕ್ದಾಗ ಕೆಲವ್ರಿಗೆ ಆ ಕವಲೂ ಮುಚ್ಚೋಗುತ್ತೆ, ಇಲ್ಲಾ ಕಾಯಿಲ್ಲೇ ಜರುಗಿ ಮುಂದಕ್ಕೆ ಹೋಗಿ ಸಿಕ್ಕಾಕೊಳ್ಳುತ್ತೆ, ಆಗ ಕಿಡ್ನಿಯ ಅಷ್ಟು ಚೂರು ಸಾಯುತ್ತೆ, ಅದಕ್ಕೇ ಈ ಜ್ವರ, ನೋವು, ವಾಕರಿಕೆ ಎಲ್ಲಾ. ಸಾಮಾನ್ಯವಾಗಿ ಕೆಲವು ದಿನದಲ್ಲಿ ತಾನಾಗೇ ಇಳಿಯುತ್ತೆ. ಸತ್ತ ಚೂರು ಚಿಕ್ಕದಾಗಿದ್ರೆ ಉಳಿದ ಕಿಡ್ನಿ ನಿಭಾಯಿಸುತ್ತೆ, ಕೆಲವ್ರಿಗೆ ಬಿಪಿ ಮಾತ್ರ ಏರುತ್ತೆ, ಚೆಕ್ ಮಾಡಿಸ್ತಿರಿ.

ಚಳಿ ನಡುಕದ ಜೋರು ಜ್ವರ ಅಥವಾ ವಾರ ಆದ್ರೂ ಬಿಡದ ಜ್ವರ ಅಂದ್ರೆ ಕತೆ ಬೇರೆ, ಇನ್ಫೆಕ್ಷನ್ ಇರಬಹುದು. ನಂಗೆ ಅದಕ್ಕಿಂತ ಭಯ ರಕ್ತಸ್ರಾವದ್ದು. ತೊಡೆಸಂದಿಯಿಂದ ರಕ್ತ ಹೊರಗೇ ಬರಬೇಕು ಅಂತೇನಿಲ್ಲ, ಒಳಗಡೆ ಬೆನ್ನಿನ ಕಡೆಗೂ ಸೇರ್ಕೊಳ್ಳುತ್ತೆ: ಇದ್ದಕ್ಕಿದ್ದಂಗೆ ಜೋರು ಬೆನ್ನು ನೋವು, ತಣ್ಣಗೆ ಬೆವರು, ಎದ್ರೆ ಕಣ್ಣು ಕತ್ತಲೆ, ಇದ್ರಲ್ಲಿ ಒಂದು ಕಂಡ್ರೂ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ. ಸೂಜಿ ಹಾಕಿದ್ ಜಾಗ ನೀಲಿ ಆಗಿದ್ರೆ ಅಂಚಿಗೆ ಪೆನ್ನಲ್ಲಿ ಗೆರೆ ಎಳೀರಿ, ಸಂಜೆಗೆ ಗೆರೆ ದಾಟಿದ್ರೆ, ಗಂಟು ಥರ ಮಿಡೀತಿದ್ರೆ, ಕಾಲು ತಣ್ಣಗಾದ್ರೆ ಆಸ್ಪತ್ರೆಗೆ ಹೋಗಿ. ಮನೇಲಿ ಸುಮ್ನೆ ಕೂರದ ಹೆಂಗಸರಿಗೆ ಇದು ಕಷ್ಟ, ಆದ್ರೆ ಡಾಕ್ಟ್ರು ಹೇಳೋವರ್ಗೂ ಹುಲ್ಲಿನ ಹೊರೆ, ಬಿಂದಿಗೆ ಎತ್ತೋ ಹಾಗಿಲ್ಲ.

ಇನ್ನೊಂದು, ನೋವು ಅಂತ ಅಂಗಡೀಲಿ ಡೈಕ್ಲೋಫಿನಾಕ್, ಐಬುಪ್ರೊಫೆನ್ ತಗೊಂಡ್ ಕೊಡ್ಬೇಡಿ. ಕಾಯಿಲ್ ಹಾಕುವಾಗ ಎಕ್ಸ್-ರೇಲಿ ರಕ್ತನಾಳ ಕಾಣ್ಲಿ ಅಂತ ಬಿಟ್ಟ ಡೈಯಿಂದ್ಲೇ ಕಿಡ್ನಿಗೆ ಪೆಟ್ಟಾಗಿರಬಹುದು, ಅದರ ಮೇಲೆ ಈ ಮಾತ್ರೆ ಬೇರೆ ಯಾಕೆ! ಪ್ಯಾರಸಿಟಮಾಲ್ ಸಾಕಾ ಅಂತ ಫೋನಲ್ಲೇ ಕೇಳಿ. ಡೈ ಪೆಟ್ಟು ಸಾಮಾನ್ಯವಾಗಿ 2-3 ದಿನದಲ್ಲಿ ಕ್ರಿಯಾಟಿನಿನ್ ಟೆಸ್ಟಲ್ಲಿ (ಕಿಡ್ನಿ ಹೇಗಿದೆ ಅಂತ ನೋಡೋ ರಕ್ತ ಪರೀಕ್ಷೆ) ಗೊತ್ತಾಗುತ್ತೆ, ಮಾಡ್ಸಿಲ್ಲ ಅಂದ್ರೆ ಅದನ್ನೂ ಕೇಳಿ, ಶುಗರ್‌ಗೆ ಮೆಟ್‌ಫಾರ್ಮಿನ್ ನಿಲ್ಸಿದ್ರೆ ಮತ್ತೆ ಯಾವಾಗ ಶುರು ಅಂತಾನೂ ಕೇಳಿ. ಕಾಯಿಲ್ ಜೊತೆ ಸ್ಟೆಂಟೂ (ರಕ್ತನಾಳದೊಳಗೆ ಇಡೋ ಬಲೆಯಂಥ ಕೊಳವೆ) ಇಟ್ಟಿದ್ರೆ ರಕ್ತ ತೆಳು ಮಾಡೋ ಮಾತ್ರೆ ನೀವಾಗೇ ನಿಲ್ಲಿಸಂಗಿಲ್ಲ, ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದ್ರೆ ಇಡೀ ಕಿಡ್ನಿಗೇ ಕುತ್ತು.

ಡಿಸ್ಚಾರ್ಜ್ ಚೀಟಿಯಲ್ಲಿ ಫಾಲೋಅಪ್ ಸ್ಕ್ಯಾನ್ ಡೇಟ್ ಬರ್ದಿರ್ತಾರೆ ನೋಡಿ, ಅದು ತಪ್ಪಿಸ್ಬೇಡಿ, ಯಾಕಂದ್ರೆ ತುಂಬಿದ್ ಊತಕ್ಕೆ ಮತ್ತೆ ರಕ್ತ ನುಗ್ಗಿದ್ರೆ ಸಾಮಾನ್ಯವಾಗಿ ನೋವೂ ಇರಲ್ಲ, ಜ್ವರಾನೂ ಇರಲ್ಲ.