‘ಗದ್ದಲದ ಕೆಳಗಿನ ಸಿಗ್ನಲ್’ ಎಂದರೆ ಏನು, ಏನಲ್ಲ

“ಗದ್ದಲಕ್ಕಿಂತ 600 ಪಟ್ಟು ದುರ್ಬಲವಾದ ಸಿಗ್ನಲನ್ನೂ ವಿಸ್ಪರ್ ಓದುತ್ತದೆ. ಮೋರ್ಸ್ ಓದಬೇಕಾದರೆ ಸಿಗ್ನಲ್ ಗದ್ದಲದ ಮೇಲಿರಲೇಬೇಕು.” ದಾವಣಗೆರೆಯ ಕಾಲೇಜೊಂದರ ವಸ್ತುಪ್ರದರ್ಶನದಲ್ಲಿ ಹವ್ಯಾಸಿ ರೇಡಿಯೊ ಮೇಜಿನ ಹಿಂದೆ ತೂಗುಹಾಕಿದ್ದ ಭಿತ್ತಿಪತ್ರದ ಸಾಲುಗಳಿವು. ವಿಸ್ಪರ್ (WSPR) ಎಂದರೆ ಅತಿ ದುರ್ಬಲ ಸಿಗ್ನಲನ್ನು ಕಂಪ್ಯೂಟರ್‌ನಿಂದ ಓದುವ ಒಂದು ರೇಡಿಯೊ ವಿಧಾನ, ಗದ್ದಲ ಎಂದರೆ ಸಿಗ್ನಲ್‌ನೊಂದಿಗೆ ರಿಸೀವರ್‌ಗೆ ಬರುವ ಬೇಡದ ರೇಡಿಯೊ ಸದ್ದು. ಇದೇ ಮಾತನ್ನು ಚಿತ್ರದುರ್ಗದ ಹ್ಯಾಮ್ (ಹವ್ಯಾಸಿ ರೇಡಿಯೊ) ಗೆಳೆಯರ ಬಾಯಲ್ಲೂ ಕೇಳಿದ್ದೇನೆ. ಹೊಸದಾಗಿ ಪರವಾನಗಿ ಪಡೆದ ಹುಡುಗರಂತೂ ಪಾಠ ಒಪ್ಪಿಸುವಂತೆ ಹೇಳುತ್ತಾರೆ. ಮೊದಲ ಸಾಲು ಅರ್ಧ ಮಾತ್ರ ಸತ್ಯ, ಎರಡನೆಯದು ಪೂರ್ತಿ ತಪ್ಪು. ಎರಡಕ್ಕೂ ಕಾರಣ ‘ಗದ್ದಲದ ಕೆಳಗೆ’ ಎಂಬ ಪದಪುಂಜವನ್ನು ಅಳತೆಗೋಲಿಲ್ಲದೆ ಬಳಸುವುದು.

ಇಂಥ ವಿಧಾನಗಳ ತಂತ್ರಾಂಶದ ಪರದೆಯ ಮೇಲೆ ಕಾಣುವ -18, -21, -28 ಎಂಬ ಅಂಕಿಗಳು ಸಿಗ್ನಲ್ ಮತ್ತು ಗದ್ದಲದ ಅನುಪಾತವನ್ನು ಡೆಸಿಬೆಲ್‌ನಲ್ಲಿ ತಿಳಿಸುತ್ತವೆ ಎಂಬುದು ಎಲ್ಲರಿಗೂ ಗೊತ್ತು. 10 ಡೆಸಿಬೆಲ್ ಎಂದರೆ ಹತ್ತು ಪಟ್ಟು, 20 ಎಂದರೆ ನೂರು ಪಟ್ಟು, ಋಣ ಚಿಹ್ನೆ ಇದ್ದರೆ ಸಿಗ್ನಲ್ ಗದ್ದಲಕ್ಕಿಂತ ಅಷ್ಟು ಪಟ್ಟು ಕಡಿಮೆ. ಆದರೆ ಎಷ್ಟು ಗದ್ದಲ ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು 2500 ಹರ್ಟ್ಸ್ ಅಗಲದ ಕಿಂಡಿಯೊಳಗೆ, ಅಂದರೆ ಅಷ್ಟು ಕಂಪನಾಂಕಗಳ ವ್ಯಾಪ್ತಿಯೊಳಗೆ, ಬರುವ ಗದ್ದಲವನ್ನು. ಈ 2500 ಪ್ರಕೃತಿಯ ನಿಯಮವೇನೂ ಅಲ್ಲ. ಎಸ್‌ಎಸ್‌ಬಿ (ಹ್ಯಾಮ್‌ಗಳು ಧ್ವನಿಗೆ ಬಳಸುವ ವಿಧಾನ) ಮಾತುಕತೆಗೆ ರಿಸೀವರ್‌ನಲ್ಲಿ ಇಡುವ ಫಿಲ್ಟರ್‌ನ ಅಗಲ ಹೆಚ್ಚುಕಡಿಮೆ ಅಷ್ಟಿರುತ್ತದೆ, ಹಾಗಾಗಿ ಅದು ರೂಢಿಯಲ್ಲಿ ನಿಂತಿದೆ. ಬೇರೆ ಬೇರೆ ವಿಧಾನಗಳನ್ನು ಒಂದೇ ಗೆರೆಯ ಮೇಲಿಟ್ಟು ನೋಡಲು ಒಂದು ಸಮಾನ ಅಳತೆ ಬೇಕಿತ್ತು, ಇದನ್ನು ಆರಿಸಿಕೊಂಡರು. ಇಷ್ಟು ಹೇಳದೆ ‘-28’ ಎಂದಷ್ಟೇ ಬರೆದರೆ ಓದುವವನಿಗೆ ಪವಾಡದ ಭ್ರಮೆ ಹುಟ್ಟುತ್ತದೆ.

ಗದ್ದಲವನ್ನು ಅಂಗಳದ ತುಂಬ ಸಮನಾಗಿ ಸುರಿಯುವ ಮಳೆ ಎಂದುಕೊಳ್ಳಿ, ಸಿಗ್ನಲನ್ನು ಸೂರಿನ ಒಂದೇ ಜಾಗದಿಂದ ಇಳಿಯುವ ಸಣ್ಣ ಎಳೆ ನೀರು. ಆ ಎಳೆಯ ಕೆಳಗೆ ದೊಡ್ಡ ಕೊಪ್ಪರಿಗೆ ಇಟ್ಟರೆ ಅದರಲ್ಲಿ ಮಳೆಯ ನೀರೇ ಹೆಚ್ಚು. ಚೊಂಬು ಇಟ್ಟರೆ ಎಳೆಯ ನೀರು ಅಷ್ಟೇ ಬೀಳುತ್ತದೆ, ಮಳೆಯ ಪಾಲು ಮಾತ್ರ ಇಳಿಯುತ್ತದೆ. ಎಳೆ ಒಂದು ಹನಿಯಷ್ಟೂ ಬಲಗೊಂಡಿಲ್ಲ, ಬದಲಾದದ್ದು ಪಾತ್ರೆಯ ಬಾಯಿ.

ಈಗ ಲೆಕ್ಕ ನೋಡೋಣ. ವಿಸ್ಪರ್ ಪ್ರತಿ ಬಾರಿ ನಾಲ್ಕು ಸ್ವರಗಳಲ್ಲಿ ಯಾವುದಾದರೂ ಒಂದನ್ನು ಕಳುಹಿಸುತ್ತದೆ. ಎರಡು ಸ್ವರಗಳ ನಡುವಿನ ಅಂತರ ಸುಮಾರು 1.46 ಹರ್ಟ್ಸ್, ನಾಲ್ಕೂ ಸೇರಿ ಸುಮಾರು 6 ಹರ್ಟ್ಸ್. ಡಿಕೋಡರ್ (ಸಿಗ್ನಲನ್ನು ಓದುವ ತಂತ್ರಾಂಶ) ಪ್ರತಿ ಬಾರಿ ಕೇಳಿಕೊಳ್ಳುವ ಪ್ರಶ್ನೆ ‘ಈ ನಾಲ್ಕರಲ್ಲಿ ಯಾವುದು?’ ಎಂಬುದು, ಅಂದರೆ ಅದು ನೋಡುವ ಕಿಂಡಿಯ ಅಗಲ 1.46 ಹರ್ಟ್ಸ್. 2500ನ್ನು ಅದರಿಂದ ಭಾಗಿಸಿದರೆ ಸುಮಾರು 1700, ಡೆಸಿಬೆಲ್‌ನಲ್ಲಿ 32. ಹಾಗಾಗಿ -28 ಎಂದು ತೋರಿಸಿದ ಸಿಗ್ನಲ್ ಆ ಕಿಂಡಿಯೊಳಗೆ +4. ಎಫ್‌ಟಿ8 ಎಂಬ ಇನ್ನೊಂದು ಕಂಪ್ಯೂಟರ್ ವಿಧಾನದಲ್ಲಿ ಸ್ವರಗಳ ಅಂತರ 6.25 ಹರ್ಟ್ಸ್, ಲಾಭ 26 ಡೆಸಿಬೆಲ್. ಅದರ ಮಿತಿಯಾದ -21 ಅಲ್ಲಿ +5 ಆಗುತ್ತದೆ. ಎರಡೂ ಕಡೆ, ಯಂತ್ರ ನಿಜವಾಗಿ ಕಣ್ಣಿಡುವ ಜಾಗದಲ್ಲಿ ಸಿಗ್ನಲ್ ಗದ್ದಲದ ಮೇಲೆಯೇ ಇದೆ.

ಭಿತ್ತಿಪತ್ರದ ‘600 ಪಟ್ಟು’ ಬಂದದ್ದು -28 ಡೆಸಿಬೆಲ್‌ನಿಂದ. ಅಂಕಿ ಸರಿ, ಆದರೆ ಆ 600 ಪಟ್ಟು ಗದ್ದಲದಲ್ಲಿ ಬಹುಪಾಲು ವಿಸ್ಪರ್‌ನ ಡಿಕೋಡರ್ ಎಂದೂ ನೋಡದ ಕಂಪನಾಂಕಗಳಲ್ಲಿದೆ.

ಇದೇ ಅಳತೆಗೋಲನ್ನು ಮೋರ್ಸ್‌ಗೆ ಹಿಡಿಯಲು ನಮ್ಮವರಿಗೆ ಏಕೆ ಹಿಂಜರಿಕೆಯೋ ನನಗೆ ತಿಳಿಯದು. ನಿಮಿಷಕ್ಕೆ 12 ಪದಗಳ ವೇಗದಲ್ಲಿ ಒಂದು ಚುಕ್ಕೆಯ ಕಾಲ ಸೆಕೆಂಡಿನ ಹತ್ತನೇ ಒಂದು ಭಾಗ. ಪಳಗಿದ ಕಿವಿ ತಾನೇ ಒಂದು ಕಿರಿದಾದ ಫಿಲ್ಟರ್‌ನಂತೆ ಕೆಲಸ ಮಾಡುತ್ತದೆ, ಬೇಕಾದ ಸ್ವರದ ಸುತ್ತಲಿನದನ್ನಷ್ಟೇ ಕೇಳಿ ಉಳಿದದ್ದನ್ನು ಬಿಡುತ್ತದೆ. ಆದ್ದರಿಂದಲೇ ಒಳ್ಳೆಯ ಆಪರೇಟರ್ 2500 ಹರ್ಟ್ಸ್ ಲೆಕ್ಕದಲ್ಲಿ ಸುಮಾರು -15ರವರೆಗೆ ಓದಬಲ್ಲ. -15 ಎಂದರೆ ಭಿತ್ತಿಪತ್ರದ ಭಾಷೆಯಲ್ಲೇ ಗದ್ದಲಕ್ಕಿಂತ 30 ಪಟ್ಟು ದುರ್ಬಲ. ಯಾವ ಕಂಪ್ಯೂಟರೂ ಇಲ್ಲದೆ, ಹೆಡ್‌ಫೋನ್ ಮತ್ತು ಪೆನ್ಸಿಲ್ ಹಿಡಿದು ಹಿರಿಯರು ಮಾಡಿದ ಕೆಲಸ ಅದು. ‘ಮೋರ್ಸ್ ಗದ್ದಲದ ಮೇಲೆ ಮಾತ್ರ’ ಎಂದು ಬರೆಯುವುದು ಅವರ ಕಿವಿಗೆ ಮಾಡುವ ಅನ್ಯಾಯ.

ಮೋರ್ಸನ್ನು ಇನ್ನೂ ನಿಧಾನಗೊಳಿಸಿದರೆ? ಮೋರ್ಸ್ ಆಪರೇಟರ್‌ಗಳು ಬಳಸುವ ಕ್ಯೂ ಸಂಕೇತಗಳಲ್ಲಿ ಕ್ಯುಆರ್‌ಎಸ್ ಎಂದರೆ ‘ನಿಧಾನವಾಗಿ ಕಳುಹಿಸಿ’. ಅದಕ್ಕೆ ಇನ್ನೊಂದು ಎಸ್ ಸೇರಿಸಿ ಕ್ಯುಆರ್‌ಎಸ್‌ಎಸ್ ಎಂದರು. ಅತಿ ನಿಧಾನದ ಮೋರ್ಸ್. ಕ್ಯುಆರ್‌ಎಸ್‌ಎಸ್3ರಲ್ಲಿ ಒಂದು ಚುಕ್ಕೆ 3 ಸೆಕೆಂಡು, ಒಂದು ಗೆರೆ 9 ಸೆಕೆಂಡು. 6, 10, 30, 60, 120 ಸೆಕೆಂಡುಗಳ ಚುಕ್ಕೆಗಳೂ ಇವೆ. ಇಲ್ಲಿ ಕಿವಿಗೆ ಕೆಲಸವಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಕಾಲವನ್ನು ಅಡ್ಡಕ್ಕೂ ಕಂಪನಾಂಕವನ್ನು ಉದ್ದಕ್ಕೂ ಇಟ್ಟು ಚಿತ್ರ ಬಿಡಿಸುವ ಆರ್ಗೋ, ಸ್ಪೆಕ್ಟ್ರಮ್ ಲ್ಯಾಬ್ ಮುಂತಾದ ತಂತ್ರಾಂಶಗಳಿವೆ, ಅಲ್ಲಿ ಮೂಡುವ ಗೆರೆಗಳನ್ನು ಕಣ್ಣಿನಿಂದ ಓದಬೇಕು. 3 ಸೆಕೆಂಡಿನ ಚುಕ್ಕೆಗೆ ಸುಮಾರು ಮೂರನೇ ಒಂದು ಹರ್ಟ್ಸ್ ಅಗಲದ ಕಿಂಡಿ ಸಾಕು. 2500ಕ್ಕೆ ಹೋಲಿಸಿದರೆ ಲಾಭ ಸುಮಾರು 39 ಡೆಸಿಬೆಲ್. ವಿಸ್ಪರ್‌ನದೆಂದು ಕೊಂಡಾಡುವ ಅದೇ -28ರ ಸಿಗ್ನಲ್ ಇಲ್ಲಿ +11, ಪರದೆಯ ಮೇಲೆ ತಡವರಿಸದೆ ಓದಬಹುದಾದ ಗೆರೆ. ಚುಕ್ಕೆಯ ಕಾಲವನ್ನು ಇಮ್ಮಡಿ ಮಾಡಿದಾಗಲೆಲ್ಲ 3 ಡೆಸಿಬೆಲ್ ಸಿಗುತ್ತದೆ.

ಅಂದ ಮೇಲೆ ಡಿಜಿಟಲ್ ವಿಧಾನದ ಹೆಚ್ಚುಗಾರಿಕೆ ಎಲ್ಲಿದೆ? ಸಮಯದಲ್ಲಿ. ಮೋರ್ಸ್‌ನಲ್ಲಿ ‘ವಿ’ ಅಕ್ಷರಕ್ಕೆ 9 ಚುಕ್ಕೆಗಳ ಕಾಲ, ‘ಯು’ಗೆ 7, ‘2’ಕ್ಕೆ 15, ಅಕ್ಷರಗಳ ನಡುವಿನ ಎರಡು ಬಿಡುವುಗಳಿಗೆ 6. ಒಟ್ಟು 37. ಕ್ಯುಆರ್‌ಎಸ್‌ಎಸ್3ರಲ್ಲಿ ‘ವಿಯು2’ ಎಂದು ಆರಂಭವಾಗುವ ನಮ್ಮ ಭಾರತೀಯ ಕರೆಸಂಕೇತದ (ಪರವಾನಗಿಯೊಂದಿಗೆ ಸಿಗುವ ಗುರುತು) ಮೊದಲ ಮೂರು ಅಕ್ಷರ ಮುಗಿಯುವಷ್ಟರಲ್ಲಿ 111 ಸೆಕೆಂಡು ಕಳೆದಿರುತ್ತದೆ. ವಿಸ್ಪರ್‌ನ ಒಂದು ಪ್ರಸಾರ 110.6 ಸೆಕೆಂಡಿನದು. ಅಷ್ಟರಲ್ಲಿ ಅದು ಪೂರ್ತಿ ಕರೆಸಂಕೇತ, ಗ್ರಿಡ್ ಚೌಕ (ಭೂಪಟದಲ್ಲಿ ಸ್ಥಳ ತಿಳಿಸುವ ಚೌಕ), ಪ್ರಸಾರದ ಶಕ್ತಿ ಮೂರನ್ನೂ ಹೇಳಿ ಮುಗಿಸಿರುತ್ತದೆ. ಅದೇ ಬಲದ ಸಿಗ್ನಲ್, ಅಷ್ಟೇ ಸಮಯ, ಒಂದು ಕಡೆ ‘ವಿಯು2’, ಇನ್ನೊಂದು ಕಡೆ ಇಡೀ ಸಂದೇಶ. ಭಿತ್ತಿಪತ್ರಕ್ಕೆ ಬರೆಯಬೇಕಾದ ಹೆಚ್ಚುಗಾರಿಕೆ ಇದು.

ಇದು ಸಾಧ್ಯವಾಗುವುದು ಸಂಕೇತೀಕರಣದಿಂದ. ಕರೆಸಂಕೇತಕ್ಕೆ 28 ಬಿಟ್, ಗ್ರಿಡ್‌ಗೆ 15, ಶಕ್ತಿಗೆ 7, ಒಟ್ಟು 50 ಬಿಟ್. ದೋಷ ತಿದ್ದುವ ಬಿಟ್‌ಗಳನ್ನು ಸೇರಿಸಿ, ಕ್ರಮವನ್ನು ಕಲೆಸಿ, 162 ಸ್ವರಗಳಾಗಿ ಹರಡಿ ಕಳುಹಿಸುತ್ತಾರೆ. ನಡುವೆ ಕೆಲವು ಸೆಕೆಂಡು ಸಿಗ್ನಲ್ ಮುಳುಗಿದರೂ ಉಳಿದ ಸ್ವರಗಳಿಂದ ಸಂದೇಶವನ್ನು ಕಟ್ಟಿಕೊಳ್ಳಬಹುದು. ಮೋರ್ಸ್‌ನಲ್ಲಿ ಆ ಸೌಲಭ್ಯವಿಲ್ಲ. 9 ಸೆಕೆಂಡಿನ ಗೆರೆಯ ನಡುವೆ ಸಿಗ್ನಲ್ ಮೂರು ಸೆಕೆಂಡು ಮುಳುಗಿದರೆ ಅದು ಎರಡು ಚುಕ್ಕೆಗಳಾಗಿ ಕಾಣುತ್ತದೆ, ‘ಟಿ’ ಹೋಗಿ ‘ಐ’ ಆಗುತ್ತದೆ. ವಿಸ್ಪರನ್ನು 2008ರಲ್ಲಿ ಹೊರತಂದ ಜೋ ಟೇಲರ್ ಅವರು ಜೋಡಿ ಪಲ್ಸಾರ್‌ನ ಶೋಧಕ್ಕಾಗಿ 1993ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ರಸೆಲ್ ಹಲ್ಸ್ ಅವರೊಂದಿಗೆ ಹಂಚಿಕೊಂಡವರು. ಆಕಾಶದ ಕ್ಷೀಣ ಮಿಡಿತವನ್ನು ಗದ್ದಲದಿಂದ ಬೇರ್ಪಡಿಸುವ ವಿದ್ಯೆಯನ್ನು ಹವ್ಯಾಸಿಗಳ ಕೈಗೆ ಕೊಟ್ಟರು ಎಂಬುದು ನನಗೆ ಇಂದಿಗೂ ಬಹಳ ದೊಡ್ಡ ವಿಷಯ.

ಈ ಕಾರಣಕ್ಕೆ ‘ಮೋರ್ಸ್ ಮತ್ತು ಡಿಜಿಟಲ್’ ಎಂದು ಎದುರುಬದುರು ನಿಲ್ಲಿಸುವುದೂ ನನಗೆ ಒಪ್ಪಿಗೆಯಿಲ್ಲ. ಇದೆ, ಇಲ್ಲ ಎಂಬ ಎರಡೇ ಸ್ಥಿತಿಗಳಲ್ಲಿ ನಡೆಯುವ ಮೋರ್ಸ್ ಡಿಜಿಟಲ್ ಅಲ್ಲದೆ ಮತ್ತೇನು? ವ್ಯತ್ಯಾಸವಿರುವುದು ದೋಷ ತಿದ್ದುವ ಸಂಕೇತ ಇದೆಯೇ, ಓದುವವರು ಯಂತ್ರವೋ ಮನುಷ್ಯರೋ ಎಂಬಲ್ಲಿ.

ಮನುಷ್ಯ ಓದುವುದರಲ್ಲಿ ಒಂದು ದೊಡ್ಡ ಅನುಕೂಲವೂ ಇದೆ. ವಿಸ್ಪರ್‌ನ ಮಿತಿ ಸುಮಾರು -28ರಿಂದ -31. ಅದಕ್ಕಿಂತ ಕೆಳಗೆ ಹೋದರೆ ಏನೂ ಸಿಗುವುದಿಲ್ಲ, ಅರ್ಧ ಕರೆಸಂಕೇತವೂ ಇಲ್ಲ. ಕ್ಯುಆರ್‌ಎಸ್‌ಎಸ್ ಹಾಗೆ ಒಮ್ಮೆಲೇ ಕೈಬಿಡುವುದಿಲ್ಲ. ಮೊದಲು ಗೆರೆ ಮಾಸುತ್ತದೆ, ಆಮೇಲೆ ತುಂಡಾಗುತ್ತದೆ, ಕೊನೆಗೆ ‘ಯಾರೋ ಇದ್ದಾರೆ’ ಎಂಬುದಷ್ಟೇ ಉಳಿಯುತ್ತದೆ. ಅದೇ ಸಂದೇಶ ಮತ್ತೆ ಮತ್ತೆ ಬರುವುದರಿಂದ ಒಂದು ಸುತ್ತಿನಲ್ಲಿ ಹೋದ ಅಕ್ಷರವನ್ನು ಇನ್ನೊಂದು ಸುತ್ತಿನಲ್ಲಿ ಹಿಡಿಯಬಹುದು. -33ರಲ್ಲಿ ವಿಸ್ಪರ್ ಮೌನವಾದಾಗ 10 ಸೆಕೆಂಡಿನ ಚುಕ್ಕೆಗೆ ಇಳಿದರೆ ಸಿಗ್ನಲ್ ಮತ್ತೆ +11ಕ್ಕೆ ಬರುತ್ತದೆ, ಬೆಲೆಯಾಗಿ ‘ವಿಯು2’ ಎನ್ನಲು ಆರು ನಿಮಿಷ ಮೀರುತ್ತದೆ. ಕಳುಹಿಸುವ ಕಡೆ ಕಂಪ್ಯೂಟರ್ ಬೇಕಿಲ್ಲ. ಗಡಿಯಾರವೂ ಹೊಂದಬೇಕಿಲ್ಲ. ವಿಸ್ಪರ್‌ಗೆ ಸಮಸಂಖ್ಯೆಯ ನಿಮಿಷದ ಆರಂಭವನ್ನು ಒಂದೆರಡು ಸೆಕೆಂಡಿನೊಳಗೆ ಹಿಡಿಯಲೇಬೇಕು, ಇಲ್ಲದಿದ್ದರೆ ಎಷ್ಟು ಬಲವಾದ ಸಿಗ್ನಲ್ ಆದರೂ ವ್ಯರ್ಥ.

ಎಫ್‌ಟಿ8ನ್ನು ಈ ಎರಡರ ಸಾಲಿಗೆ ಸೇರಿಸುವುದು ಇನ್ನೊಂದು ರೂಢಿ. ಟೇಲರ್ ಮತ್ತು ಸ್ಟೀವ್ ಫ್ರಾಂಕೆ ಅದನ್ನು 2017ರಲ್ಲಿ ತಂದದ್ದು 15 ಸೆಕೆಂಡಿನ ಸರದಿಗಳಲ್ಲಿ ಬೇಗ ಸಂಪರ್ಕ ಮುಗಿಸಲೆಂದು. ವೇಗಕ್ಕಾಗಿ ಅದು ಏಳರಿಂದ ಹತ್ತು ಡೆಸಿಬೆಲ್ ಬಿಟ್ಟುಕೊಟ್ಟಿದೆ. ವಿಸ್ಪರ್‌ನಲ್ಲಿ ಸಂಪರ್ಕವೇ ಇಲ್ಲ, ಅದು ದಾರಿ ತೆರೆದಿದೆಯೇ ಎಂದು ತಿಳಿಸುವ ಏಕಮುಖ ಸೂಚನೆ. ‘ವಿಸ್ಪರ್‌ನಲ್ಲಿ ಜಪಾನಿನವರೊಂದಿಗೆ ಮಾತನಾಡಿದೆ’ ಎಂದು ಯಾರೂ ಹೇಳಬಾರದು.

ಅಂಕಿಯ ಇನ್ನೊಂದು ದುರ್ಬಳಕೆ, ಅದನ್ನು ಸಿಗ್ನಲ್‌ನ ಬಲವೆಂದು ಓದುವುದು. ಅದು ಅನುಪಾತ. ದಾವಣಗೆರೆಯ ಮಂಡಿಪೇಟೆಯಲ್ಲಿ ಎಲ್ಇಡಿ ದೀಪ, ಇನ್ವರ್ಟರ್, ಚಾರ್ಜರ್‌ಗಳ ನಡುವೆ ಕುಳಿತವನಿಗೆ -20 ಎಂದು ಕಂಡ ಸಿಗ್ನಲ್, ಜಗಳೂರಿನ ಕಡೆಯ ಹೊಲದಲ್ಲಿ ಪಂಪ್‌ಸೆಟ್ ನಿಂತ ಹೊತ್ತಿನಲ್ಲಿ -10 ಎಂದು ಕಂಡರೆ ಆಶ್ಚರ್ಯವಿಲ್ಲ. ನಗರ ಮತ್ತು ಹಳ್ಳಿಗಾಡಿನ ಮಾನವನಿರ್ಮಿತ ರೇಡಿಯೊ ಗದ್ದಲಗಳ ನಡುವೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕೊಡುವ ಮಧ್ಯಮ ಅಂತರವೇ ಸುಮಾರು 10 ಡೆಸಿಬೆಲ್. ಸಿಗ್ನಲ್ ಎರಡೂ ಕಡೆ ಒಂದೇ. ‘ನಮ್ಮ ಆಂಟೆನಾ ಕೆಟ್ಟದು’ ಎಂದು ತಂತಿ ಬದಲಿಸುವ ಮೊದಲು ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ರಿಸೀವರನ್ನು ಬ್ಯಾಟರಿಯ ಮೇಲೆ ನಡೆಸಿ ನೋಡಿ.

ಗ್ರಿಡ್ ಚೌಕದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ದಾವಣಗೆರೆ ಎಂಕೆ74ರಲ್ಲಿದೆ, ಚಿತ್ರದುರ್ಗ ಎಂಕೆ84ರಲ್ಲಿ. 1997ರವರೆಗೆ ಒಂದೇ ಜಿಲ್ಲೆಯಾಗಿದ್ದ ಈ ಎರಡು ಊರುಗಳ ನಡುವೆ 76 ಡಿಗ್ರಿ ಪೂರ್ವ ರೇಖಾಂಶ ಹಾದುಹೋಗುತ್ತದೆ, ಅದೇ ಚೌಕಗಳ ಗಡಿ. ಜಗಳೂರು ಈಗ ದಾವಣಗೆರೆ ಜಿಲ್ಲೆಯದಾದರೂ ಚೌಕ ಎಂಕೆ84. ಜಿಲ್ಲೆಯ ಹೆಸರು ನೋಡಿ ಗ್ರಿಡ್ ತುಂಬಬೇಡಿ.

ಚುಕ್ಕೆಯನ್ನು ಉದ್ದ ಮಾಡುತ್ತಾ ಹೋದರೆ ಮಿತಿಯೇ ಇಲ್ಲ ಎಂದು ತಿಳಿಯುವವರೂ ಇದ್ದಾರೆ. ಕಿಂಡಿ ಕಿರಿದಾದಂತೆ ಸಿಗ್ನಲ್ ಅದರೊಳಗೇ ನಿಂತಿರಬೇಕು. 10 ಮೆಗಾಹರ್ಟ್ಸ್‌ನಲ್ಲಿ ಆಸಿಲೇಟರ್ (ಕಂಪನಾಂಕವನ್ನು ಹುಟ್ಟಿಸುವ ಮಂಡಲ) ಹತ್ತು ಲಕ್ಷದಲ್ಲಿ ಒಂದು ಪಾಲು ಸರಿದರೆ 10 ಹರ್ಟ್ಸ್ ಹೋಯಿತು. ಏಪ್ರಿಲ್ ಮಧ್ಯಾಹ್ನ ನಮ್ಮ ತಾರಸಿಯ ಕೋಣೆಗಳಲ್ಲಿ ಸಾಮಾನ್ಯ ಸ್ಫಟಿಕಕ್ಕೆ ಅಷ್ಟು ಸರಿಯುವುದು ದೊಡ್ಡದೇನಲ್ಲ. ಪ್ರಸಾರದ ಉದ್ದಕ್ಕೂ ಸಮನಾಗಿ ಸರಿದರೆ ವಿಸ್ಪರ್‌ನ ಡಿಕೋಡರ್ ಸ್ವಲ್ಪಮಟ್ಟಿಗೆ ಹುಡುಕಿ ಸರಿಪಡಿಸುತ್ತದೆ, ಕ್ಯುಆರ್‌ಎಸ್‌ಎಸ್ ಪರದೆಯಲ್ಲಿ ಅದು ಓರೆಗೆರೆಯಾಗಿ ಕಾಣುತ್ತದೆ. ಆಸಿಲೇಟರನ್ನು ಪೆಟ್ಟಿಗೆಯಲ್ಲಿಟ್ಟು ಉಷ್ಣತೆ ಕಾಯ್ದರೂ, ರೇಡಿಯೊ ತರಂಗಗಳನ್ನು ನೆಲಕ್ಕೆ ಹಿಂದಿರುಗಿಸುವ ಮೇಲ್ವಾತಾವರಣದ ಅಯಾನುಗೋಳ ನಮ್ಮ ಕೈಯಲ್ಲಿಲ್ಲ. ಅದರ ಪದರಗಳ ಚಲನೆಯಿಂದ ಎಚ್‌ಎಫ್ (ಕಿರುತರಂಗ) ಸಿಗ್ನಲ್ ಹರ್ಟ್ಸ್‌ನ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹರಡಿಕೊಳ್ಳುತ್ತದೆ. ಅಷ್ಟು ಹರಡಿದ ಮೇಲೆ ನೂರನೇ ಒಂದು ಹರ್ಟ್ಸ್‌ನ ಕಿಂಡಿಯಿಂದ ಲಾಭವಿಲ್ಲ, ಸಿಗ್ನಲ್‌ನ ಬಹುಪಾಲು ಹೊರಗೇ ಉಳಿಯುತ್ತದೆ. ಹಾಗಾಗಿ 30 ಮೀಟರ್ (ಸುಮಾರು 10 ಮೆಗಾಹರ್ಟ್ಸ್) ಬ್ಯಾಂಡ್‌ನಲ್ಲಿ 3, 6 ಅಥವಾ 10 ಸೆಕೆಂಡಿನ ಚುಕ್ಕೆಗಳೇ ಬಳಕೆಯಲ್ಲಿವೆ. 60, 120 ಸೆಕೆಂಡಿನವು ಕೆಲಸಕ್ಕೆ ಬರುವುದು ಪ್ರಸರಣ ಬಹಳ ಸ್ಥಿರವಾಗಿರುವ 136 ಕಿಲೋಹರ್ಟ್ಸ್‌ನಂಥ ದೀರ್ಘ ತರಂಗಗಳಲ್ಲಿ.