ಬಡ್ತಿ ಬಂದರೂ ಬಿಡದ ಅಳುಕು

ದಾವಣಗೆರೆಯ ವಿದ್ಯಾನಗರದಲ್ಲೋ ಎಂ.ಸಿ.ಸಿ. ಬಿ ಬ್ಲಾಕ್‌ನಲ್ಲೋ ಮಹಡಿ ಮೇಲಿನ ರೂಮಿನಲ್ಲಿ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವವರು ಈಗ ಇದ್ದಾರೆ. ಇಲ್ಲೇ ಬಿಐಇಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಹುಡುಗಿಯೊಬ್ಬಳಿಗೆ ಬಡ್ತಿ ಬಂತು ಅನ್ನಿ. ಮನೆಯವರು ಸಿಹಿ ಹಂಚುತ್ತಾರೆ. ಅವಳಿಗೆ ಮಾತ್ರ ಒಳಗೊಳಗೇ ಪುಕಪುಕ: "ಏನೋ ನಸೀಬು ಚೆನ್ನಾಗಿತ್ತು. ನನಗೇನೂ ಬರಲ್ಲ ಅಂತ ಒಂದಿನ ಗೊತ್ತಾಗೇ ಆಗುತ್ತೆ."

1978ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಈ ಅಳುಕಿನ ಬಗ್ಗೆ ಬರೆದು, ಅದಕ್ಕೆ 'ಇಂಪಾಸ್ಟರ್' ಭಾವನೆ, ಅಂದರೆ ತಾನು ಬರೀ ಸೋಗು ಹಾಕಿದವಳು ಅನ್ನುವ ಭಾವನೆ, ಎಂದು ಹೆಸರಿಟ್ಟರು. ಅವರು ಮಾತಾಡಿಸಿದ 150ಕ್ಕೂ ಹೆಚ್ಚು ಮಹಿಳೆಯರು ಓದಿನಲ್ಲಿ, ಕೆಲಸದಲ್ಲಿ ಮುಂದಿದ್ದವರೇ. ಗಂಡಸರಲ್ಲೂ ಇದು ಇದೆ ಎಂದು ಆಮೇಲಿನ ಅಧ್ಯಯನಗಳು ತೋರಿಸಿದವು.

ಎಷ್ಟು ಗೆದ್ದರೂ ಇದು ಯಾಕೆ ಹೋಗುವುದಿಲ್ಲ? ಕ್ಲಾನ್ಸ್ ವಿವರಿಸಿದ ಸುತ್ತು ಹೀಗಿದೆ. ಹೊಸ ಕೆಲಸ ಬಂದ ಕೂಡಲೇ ಭಯ ಹುಟ್ಟುತ್ತದೆ. ಕೆಲವರು ರಾತ್ರಿಯೆಲ್ಲ ಕೂತು ಬೇಕಾದ್ದಕ್ಕಿಂತ ಜಾಸ್ತಿ ತಯಾರಿ ಮಾಡುತ್ತಾರೆ. ಇನ್ನು ಕೆಲವರು ನಾಳೆ ನಾಳೆ ಅಂತ ತಳ್ಳಿ, ಕೊನೇ ಗಳಿಗೆಯಲ್ಲಿ ಗಡಿಬಿಡಿಯಿಂದ ಮುಗಿಸುತ್ತಾರೆ. ಕೆಲಸ ಚೆನ್ನಾಗೇ ಆಗುತ್ತದೆ. ಆದರೆ ಮೊದಲಿನವರು "ಅಷ್ಟು ಒದ್ದಾಡಿದೆ, ಅದಕ್ಕೇ ಆಯ್ತು" ಅನ್ನುತ್ತಾರೆ. ಎರಡನೆಯವರು "ಅದೃಷ್ಟ" ಅನ್ನುತ್ತಾರೆ. ಎರಡರಲ್ಲೂ "ನನಗೆ ಕೆಲಸ ಬರುತ್ತದೆ" ಅನ್ನುವ ಮಾತು ಲೆಕ್ಕಕ್ಕೇ ಬರಲಿಲ್ಲ, ಅಲ್ವಾ? ತಪ್ಪಾದರೆ ಮಾತ್ರ ಅದು ಪೂರ್ತಿ ತಮ್ಮದೇ. ಹಾಗಾಗಿ ಮುಂದಿನ ಕೆಲಸಕ್ಕೆ ಅದೇ ಭಯ ಮತ್ತೆ ಹಾಜರು.

ಇದರ ಜೊತೆಗೆ ಹೋಲಿಕೆ. ಸರಿಯಾದ ಅಳತೆ ಸಿಗದಾಗ ಜನ ಪಕ್ಕದವರನ್ನು ನೋಡಿ ತಮ್ಮನ್ನು ಅಳೆದುಕೊಳ್ಳುತ್ತಾರೆ ಎಂದು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ 1954ರಲ್ಲೇ ಹೇಳಿದ್ದರು. ನಮ್ಮೂರ ಹತ್ತಿ ಗಿರಣಿಗಳಲ್ಲಿ ಎಷ್ಟು ಬಟ್ಟೆ ಬಂತು ಅಂತ ಅಳೆಯಬಹುದಿತ್ತು. ಈಗಿನ ಎಷ್ಟೋ ಕೆಲಸಗಳಿಗೆ ಅಂಥ ಅಳತೆಯೇ ಇಲ್ಲ. ಮೀಟಿಂಗಿನಲ್ಲಿ ಸಹೋದ್ಯೋಗಿಯ ಸರಾಗ ಇಂಗ್ಲಿಷ್ ಕೇಳಿಸುತ್ತದೆ. ಅದಕ್ಕೂ ಮುಂಚೆ ಅವನು ಪಟ್ಟ ಪಾಡು ಕಾಣಿಸುವುದಿಲ್ಲ. ನಮ್ಮ ತಡವರಿಕೆಯೊಂದೇ ನಮಗೆ ಪೂರ್ತಿ ಗೊತ್ತು. ಮನೆಯಿಂದ ಕೆಲಸ ಮಾಡುವವರಿಗೆ ಇದು ಇನ್ನೂ ಕಷ್ಟ ಅಂತ ನನಗನ್ನಿಸುತ್ತದೆ. ಟೀ ಕುಡಿಯುತ್ತಾ "ನಂಗೂ ಅರ್ಥ ಆಗ್ಲಿಲ್ಲ ಮಾರಾಯ" ಅನ್ನುವವರು ಅಲ್ಲಿ ಪಕ್ಕದಲ್ಲಿ ಇರುವುದಿಲ್ಲ.

ಇದು ಕಾಯಿಲೆಯಲ್ಲ. ಅಮೆರಿಕದ ಮನೋರೋಗಗಳ ಅಧಿಕೃತ ಪಟ್ಟಿಯಾದ ಡಿಎಸ್‌ಎಂನಲ್ಲಿ ಇದರ ಹೆಸರಿಲ್ಲ. ಹಾಗಂತ ಸುಮ್ನೆ "ಧೈರ್ಯ ತಂದುಕೋ" ಅಂದರೆ ಸಾಲದು. ಮೇಲಿನವರು ಯಾವ ಕೆಲಸ ಚೆನ್ನಾಗಿತ್ತು, ಯಾಕೆ ಚೆನ್ನಾಗಿತ್ತು ಎಂದು ಬಿಡಿಸಿ ಹೇಳಬೇಕು. ಕ್ಲಾನ್ಸ್ ಮತ್ತು ಐಮ್ಸ್ ಈ ಮಹಿಳೆಯರನ್ನು ಗುಂಪಾಗಿ ಕೂರಿಸಿ ಮಾತಾಡಿಸುವುದು ಒಳ್ಳೆಯದೆಂದು ಸೂಚಿಸಿದರು. ಎದುರಿಗಿದ್ದ ಜಾಣೆ "ನಾನು ದಡ್ಡಿ" ಅಂದಾಗ, ಅದು ಎಷ್ಟು ಸುಳ್ಳು ಅಂತ ಉಳಿದವರಿಗೆ ತಕ್ಷಣ ಕಾಣುತ್ತಿತ್ತು.